ಸೆರಗಿನೊಳಗಿನ ಸರ

ಹ್ಯೂಸ್ಟನ್ನಿನ ಈ ಬೀದಿಯಲ್ಲಿ ಮೂರು ಕನ್ನಡದ ಮನೆಗಳಿವೆ. ಪಕ್ಕದ ಮನೆಗೆ ಮೈಸೂರಿನ ಸರಸ್ವತಿಪುರದಿಂದ ಅಜ್ಜಿ-ತಾತ ಬಂದಿದ್ದಾರೆ. ಅವರನ್ನು ನಾಲ್ಕು ದಿನ ಮೆಕ್ಸಿಕೋ ಸಿಟಿಗೆ ಕರೆದುಕೊಂಡು ಹೋಗುವ ಮಾತು ಎದ್ದದ್ದೇ ತಡ, ಮಂಡ್ಯದಿಂದ ಅಜ್ಜಿಯ ತಮ್ಮನ ವಿಡಿಯೋ ಕಾಲ್ ಬಂತು. “ಅಕ್ಕ, ಎಲ್ಲಿಗಾರ ಹೋಗು, ಅಲ್ಲಿಗ್ ಮಾತ್ರ ಬ್ಯಾಡ ಕಣಕ್ಕ. ಹಾಡಹಗಲೇ ಎತ್ತಾಕ್ಕಂಡ್ ಹೋಯ್ತರಂತೆ.”

ಮೂರನೇ ಕ್ಲಾಸಿನ ಮೊಮ್ಮಗಳು ಫೋನಿಗೆ ಮುಖ ಹಾಕಿ ಕೇಳಿದಳು: “ಚಿಕ್ಕತಾತ, ನಮ್ ಸ್ಕೂಲಲ್ಲಿ ಡ್ರಿಲ್ ಮಾಡಿಸ್ತಾರೆ. ಲೈಟ್ ಆರ್ಸಿ, ಬಾಗ್ಲು ಹಾಕಿ, ಮೂಲೇಲಿ ಸದ್ದಿಲ್ದೆ ಕೂತ್ಕೋಬೇಕು. ಯಾರಾದ್ರೂ ಗನ್ ಹಿಡ್ಕೊಂಡ್ ಬಂದ್ರೆ ಅಂತ. ಮೆಕ್ಸಿಕೋ ಸ್ಕೂಲಲ್ಲಿ ಏತಕ್ಕೆ ಡ್ರಿಲ್ ಮಾಡಿಸ್ತಾರೆ?”

ಮಂಡ್ಯದ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. 2022ರ ಮೇ 24ರಂದು ಇದೇ ಟೆಕ್ಸಸ್ಸಿನ ಯುವಾಲ್ಡಿ ಎಂಬ ಊರಿನ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಗುಂಡಿಗೆ ಬಲಿಯಾದರು. ಆಮೇಲೂ ‘ಟೆಕ್ಸಸ್ಸಿಗೆ ಹೋಗಬೇಡ’ ಎಂದು ಊರಿನಿಂದ ಫೋನ್ ಮಾಡಿದವರನ್ನು ಕಾಣೆ.

ಮಗುವಿನ ಪ್ರಶ್ನೆಗೆ ಉತ್ತರ: ಭೂಕಂಪಕ್ಕೆ. ಮೆಕ್ಸಿಕೋ ಸಿಟಿಗೆ ಹೊರಟವರು ಕಳ್ಳರಿಗಿಂತ ಮೊದಲು ತಿಳಿದುಕೊಳ್ಳಬೇಕಾದದ್ದೂ ಅದೇ.

ಆ ಊರು ನಿಂತಿರುವುದು ಕೆರೆಯ ಮೇಲೆ. 1325ರಲ್ಲಿ ಟೆಸ್ಕೋಕೊ ಸರೋವರದ ನಡುಗಡ್ಡೆಯಲ್ಲಿ ಅಸ್ಟೆಕ್ ಜನ ಕಟ್ಟಿದ ಟೆನೋಚ್ಟಿಟ್ಲಾನ್ ಪಟ್ಟಣವನ್ನು 1521ರ ಆಗಸ್ಟ್ 13ರಂದು ಎರ್ನಾನ್ ಕೊರ್ಟೆಸ್‌ನ ಸ್ಪೇನ್ ಪಡೆ ಹಿಡಿಯಿತು. ಸ್ಪೇನಿನವರು ಅದರ ಮೇಲೆಯೇ ತಮ್ಮ ಊರು ಎಬ್ಬಿಸಿದರು, ಕಾಲಕ್ರಮದಲ್ಲಿ ನೀರನ್ನು ಬಸಿದು ಹಾಕಿದರು. ಉಳಿದದ್ದು ಹತ್ತಾರು ಮೀಟರ್ ಆಳದ ಜೇಡಿ. ತಟ್ಟೆಯಲ್ಲಿ ಗಿಣ್ಣು ಇಟ್ಟು ತಟ್ಟೆಗೆ ಒಂದು ಏಟು ಹಾಕಿ ನೋಡಿ. ತಟ್ಟೆ ನಿಂತರೂ ಗಿಣ್ಣು ಅಲುಗುತ್ತಲೇ ಇರುತ್ತದೆ. 1985ರ ಸೆಪ್ಟೆಂಬರ್ 19ರಂದು ಆದದ್ದು ಇದು. ಭೂಮಿ ನಡುಗಿದ್ದು 350 ಕಿಲೋಮೀಟರಿಗೂ ದೂರದ ಸಮುದ್ರ ತೀರದಲ್ಲಿ, ಸಾವಿರಾರು ಜನ ಸತ್ತದ್ದು ಈ ಊರಿನಲ್ಲಿ. ಅದರ ನೆನಪಿಗೆ ಪ್ರತಿ ಸೆಪ್ಟೆಂಬರ್ 19ಕ್ಕೆ ಊರಿಗೆ ಊರೇ ಡ್ರಿಲ್ ಮಾಡುತ್ತದೆ. 2017ರಲ್ಲಿ ಬೆಳಿಗ್ಗೆ 11ಕ್ಕೆ ಡ್ರಿಲ್ ಮುಗಿಸಿದರು, ಮಧ್ಯಾಹ್ನ 1.14ಕ್ಕೆ 7.1ರ ನಿಜವಾದ ಕಂಪ ಬಂದು ನಗರದಲ್ಲೇ 228 ಜನ ಹೋದರು. 2022ರಲ್ಲಿ ಮತ್ತೆ ಅದೇ ತಾರೀಖು, ಡ್ರಿಲ್ ಆಗಿ ಒಂದು ಗಂಟೆಯೊಳಗೆ ಮತ್ತೊಂದು ಕಂಪ. ನಮ್ಮ ಕಡೆಯಾಗಿದ್ದರೆ ಇಷ್ಟು ಹೊತ್ತಿಗೆ ಆ ದಿನಕ್ಕೊಂದು ಶಾಂತಿ ಹೋಮ ಗೊತ್ತಾಗಿರುತ್ತಿತ್ತು.

ಎಚ್ಚರಿಕೆಯ ವ್ಯವಸ್ಥೆ ಸರಳ. ಪೆಸಿಫಿಕ್ ತೀರದ ಉದ್ದಕ್ಕೂ ಸೆನ್ಸರ್‌ಗಳಿವೆ. ನಡುಕದ ಅಲೆಗಿಂತ ರೇಡಿಯೋ ಸಂಕೇತ ವೇಗವಾಗಿ ಓಡುತ್ತದೆ, ಹಾಗಾಗಿ ತೀರದಲ್ಲಿ ಕಂಪಿಸಿದರೆ ನಗರದ ಬೀದಿ ಕಂಬಗಳ ಮೇಲಿನ ಲೌಡ್‌ಸ್ಪೀಕರ್‌ಗಳು ಒಂದು ನಿಮಿಷದಷ್ಟು ಮುಂಚೆ ಕೂಗಿಕೊಳ್ಳಬಲ್ಲವು. ಹತ್ತಿರದಲ್ಲೇ ಕಂಪಿಸಿದರೆ ಆ ನಿಮಿಷ ಸಿಗುವುದಿಲ್ಲ; 2017ರಲ್ಲಿ ಸೈರನ್ನೂ ನಡುಕವೂ ಹೆಚ್ಚು ಕಡಿಮೆ ಒಟ್ಟಿಗೇ ಬಂದವು. ‘ಅಲೆರ್ತಾ ಸೀಸ್ಮಿಕಾ’ (ಭೂಕಂಪದ ಎಚ್ಚರಿಕೆ) ಎಂಬ ದನಿಯ ರೆಕಾರ್ಡಿಂಗ್ ಇಂಟರ್‌ನೆಟ್ಟಿನಲ್ಲಿದೆ, ಹೊರಡುವ ಮುಂಚೆ ಮನೆಯವರಿಗೆಲ್ಲ ಒಮ್ಮೆ ಕೇಳಿಸಿ. ನೆಲಮಹಡಿಯಲ್ಲಿದ್ದರೆ ಹೊರಗೆ ಬಂದು, ನಾಲ್ಕು ಬಾಣಗಳು ನಡುವಿಗೆ ತೋರಿಸುವ ಹಸಿರು ಫಲಕದ ಬಳಿ ನಿಲ್ಲಬೇಕು. ಮೇಲಿನ ಮಹಡಿಯಲ್ಲಿದ್ದರೆ ಲಿಫ್ಟ್ ಬೇಡ, ಮೆಟ್ಟಿಲಿಗೂ ಓಡಬೇಡಿ. ಕಿಟಕಿಯಿಂದ ದೂರ, ಕಂಬದ ಪಕ್ಕ ನಿಲ್ಲಿ. ರಾತ್ರಿ ಮಲಗುವಾಗ ಚಪ್ಪಲಿ, ಟಾರ್ಚ್, ಪಾಸ್‌ಪೋರ್ಟ್ ಒಂದೇ ಕಡೆ ಇರಲಿ. ಹೋಟೆಲಿನಲ್ಲಿ ಹಿರಿಯರಿಗೆ ಒಂದನೇ ಎರಡನೇ ಮಹಡಿಯನ್ನೇ ಕೇಳಿ, ಮೇಲಿನ ನೋಟದ ಆಸೆ ಬಿಡಿ.

ಇಲ್ಲೊಂದು ತಮಾಷೆಯಿದೆ. ಪ್ರವಾಸಿಗಳಿಗೆ ‘ಸೇಫ್ ಏರಿಯಾ’ ಎಂದು ಎಲ್ಲರೂ ತೋರಿಸುವ ರೋಮಾ, ಕೊಂಡೆಸಾ ಬಡಾವಣೆಗಳು ಇರುವುದು ಅದೇ ಹಳೇ ಕೆರೆಯಂಗಳದ ಮೇಲೆ. 1985ರಲ್ಲೂ 2017ರಲ್ಲೂ ಅಲ್ಲಿ ಕಟ್ಟಡಗಳು ಕುಸಿದವು. ಕಳ್ಳರ ಲೆಕ್ಕದಲ್ಲಿ ಒಳ್ಳೆಯ ಬೀದಿ, ಮಣ್ಣಿನ ಲೆಕ್ಕದಲ್ಲಿ ಕೆಟ್ಟದ್ದು. ಹಾಗೆಂದು ಅಲ್ಲಿ ಇಳಿಯಬಾರದು ಎಂದಲ್ಲ, ‘ಸೇಫಾ?’ ಎಂದು ಕೇಳುವಾಗ ಯಾವುದರಿಂದ, ಯಾವ ಬೀದಿಯಲ್ಲಿ, ಎಷ್ಟು ಗಂಟೆಗೆ ಎಂದೂ ಸೇರಿಸಿ ಕೇಳಬೇಕು, ಅಷ್ಟೆ.

ದೇಶಕ್ಕೆಲ್ಲ ಒಂದೇ ಮಾತು ಹೇಳುವುದೂ ತಪ್ಪು. ಅಮೆರಿಕದ ವಿದೇಶಾಂಗ ಇಲಾಖೆ ಮೆಕ್ಸಿಕೋದ ಒಂದೊಂದು ರಾಜ್ಯಕ್ಕೂ ಬೇರೆ ಬೇರೆ ಮಟ್ಟ ಕೊಡುತ್ತದೆ. 2025ರ ಪಟ್ಟಿಯಲ್ಲಿ ಗೆರೆರೊ, ಮಿಚೋಆಕಾನ್, ಸಿನಲೋವಾ, ಟಮೌಲಿಪಾಸ್, ಕೊಲಿಮಾ, ಸಕಾಟೆಕಾಸ್ ನಾಲ್ಕನೇ ಮಟ್ಟ, ಎಂದರೆ ಹೋಗಲೇಬೇಡಿ. ಮೆಕ್ಸಿಕೋ ಸಿಟಿ ಎರಡನೇ ಮಟ್ಟ: ಹೆಚ್ಚು ಎಚ್ಚರ ವಹಿಸಿ. ಅದೇ ವರ್ಷ ಅದೇ ಇಲಾಖೆ ಭಾರತಕ್ಕೆ ಕೊಟ್ಟದ್ದೂ ಎರಡನೇ ಮಟ್ಟವೇ. ಹೊರಡುವ ವಾರ ಈ ಪಟ್ಟಿಯನ್ನು ಮತ್ತೊಮ್ಮೆ ನೋಡಿ, ಬದಲಾಗುತ್ತಿರುತ್ತದೆ. ಹ್ಯೂಸ್ಟನ್ನಿನಿಂದ ಕಾರಿನಲ್ಲಿ ಹೋಗುವ ಯೋಚನೆ ಬೇಡ, ಹತ್ತಿರದ ಗಡಿ ದಾಟಿದರೆ ಸಿಗುವುದು ಟಮೌಲಿಪಾಸ್. ‘ಹಾಗೇ ಸಮುದ್ರವನ್ನೂ ನೋಡೋಣ’ ಎಂದು ಅಕಾಪುಲ್ಕೊ ಸೇರಿಸಬೇಡಿ, ಅದು ಗೆರೆರೊದಲ್ಲಿದೆ. ವಿಮಾನದಲ್ಲಾದರೆ ಎರಡೂವರೆ ಗಂಟೆ.

ವಿಮಾನದ ಟಿಕೆಟ್ಟಿನಲ್ಲಿ ಒಂದು ಮೋಸ ಹೋಗುವ ಜಾಗವಿದೆ. ಊರಿನ ನಡುವೆಯೇ ಇರುವ ಹಳೇ ನಿಲ್ದಾಣ ಬೆನಿತೊ ಹುವಾರೆಸ್, ಕೋಡ್ ಎಂಇಎಕ್ಸ್. 2022ರಲ್ಲಿ ಶುರುವಾದ ಫೆಲಿಪೆ ಆಂಹೆಲೆಸ್ ಉತ್ತರಕ್ಕೆ ಬಹಳ ದೂರ, ಕೋಡ್ ಎನ್ಎಲ್‌ಯು. ಅಗ್ಗವೆಂದು ಎರಡನೆಯದಕ್ಕೆ ಕೊಂಡರೆ ಉಳಿಸಿದ್ದು ಟ್ಯಾಕ್ಸಿಗೆ ಹೋಗುತ್ತದೆ, ರಾತ್ರಿ ಹೊತ್ತು ಉದ್ದದ ದಾರಿ ಬೇರೆ. ಭಾರತದ ಪಾಸ್‌ಪೋರ್ಟಿನವರಿಗೆ ಚಾಲ್ತಿಯಲ್ಲಿರುವ ಅಮೆರಿಕ ವೀಸಾ ಇದ್ದರೆ ಮೆಕ್ಸಿಕೋ ವೀಸಾ ಬೇಡ. ಎಡವುವವರು ಅಜ್ಜಿ-ತಾತ ಅಲ್ಲ, ಎಚ್-1ಬಿ ಕೆಲಸದ ವೀಸಾದಲ್ಲಿರುವ ಮಕ್ಕಳು. ಕೆಲಸದ ಅನುಮತಿ ಪತ್ರ ಇರುತ್ತದೆ, ಪಾಸ್‌ಪೋರ್ಟಿನ ವೀಸಾ ಸ್ಟ್ಯಾಂಪಿನ ಅವಧಿ ಮುಗಿದಿರುತ್ತದೆ. ಆಗ ಈ ವಿನಾಯಿತಿ ಇಲ್ಲ, ಮೆಕ್ಸಿಕೋ ವೀಸಾ ತೆಗೆಯಬೇಕು. ಅಪ್ಪ-ಅಮ್ಮನಿಗೆ ಅಮೆರಿಕಕ್ಕೆಂದು ಮಾಡಿಸಿದ ಇನ್ಶೂರೆನ್ಸ್ ಗಡಿಯಾಚೆ ನಡೆಯುತ್ತದೆಯೇ ಎಂದು ಕೇಳಿಟ್ಟುಕೊಳ್ಳಿ. ನೆಗಡಿ ಮಾತ್ರೆಯಲ್ಲಿ ಸೂಡೋಎಫೆಡ್ರಿನ್ ಇದ್ದರೆ ಮನೆಯಲ್ಲೇ ಬಿಡಿ, ಮೆಕ್ಸಿಕೋದಲ್ಲಿ ಅದು ನಿಷೇಧ. ವಾಪಸ್ ಬಂದ ಮೇಲೆ ಅಮೆರಿಕದಲ್ಲಿ ಎಲ್ಲಿಯವರೆಗೆ ಇರಬಹುದೆಂದು ಹೇಳುವ ಐ-94 ದಾಖಲೆಯಲ್ಲಿ ತಾರೀಖು ಏನಿದೆ ಎಂದು ನೋಡುವುದನ್ನು ಮರೆಯಬೇಡಿ.

ಇನ್ನು ಫೋನ್ ಮಾಡಿದ ಮಂಡ್ಯದ ಮಾವನ ಭಯಕ್ಕೆ ಬರೋಣ. ‘ಎತ್ತಾಕ್ಕಂಡು ಹೋಗೋದು’ ಸುಳ್ಳಲ್ಲ. ಬೀದಿಯಲ್ಲಿ ಕೈ ಅಡ್ಡ ಹಾಕಿದ ಟ್ಯಾಕ್ಸಿ ಹತ್ತಿದವರನ್ನು ಸುತ್ತಾಡಿಸಿ, ಎಟಿಎಂಗೆ ಕರೆದೊಯ್ದು ಹಣ ತೆಗೆಸಿ ಬಿಡುವುದಕ್ಕೆ ಅಲ್ಲೊಂದು ಹೆಸರೇ ಇದೆ, ‘ಎಕ್ಸ್‌ಪ್ರೆಸ್ ಅಪಹರಣ’. ತಪ್ಪಿಸಿಕೊಳ್ಳುವ ದಾರಿ ಮೈಸೂರಿನವರಿಗೆ ಹೊಸದಲ್ಲ: ರೈಲ್ವೆ ಸ್ಟೇಷನ್ನಿನ ಪ್ರೀಪೇಯ್ಡ್ ಆಟೋ ಕೌಂಟರಿನ ಹಾಗೆ ವಿಮಾನ ನಿಲ್ದಾಣದ ಒಳಗೇ ಅಧಿಕೃತ ಟ್ಯಾಕ್ಸಿಯ ಚೀಟಿ ಕೊಡುವ ಕೌಂಟರುಗಳಿವೆ. ಊರೊಳಗೆ ಊಬರ್ ಅಥವಾ ದೀದಿ ಆ್ಯಪ್. ಬಂದ ಕಾರಿನ ನಂಬರನ್ನು ಫೋನಿನೊಂದಿಗೆ ತಾಳೆ ನೋಡದೆ ಬಾಗಿಲಿಗೆ ಕೈ ಹಾಕಬೇಡಿ. ಹಣ ಬೇಕಾದರೆ ಹಗಲು ಹೊತ್ತು, ಬ್ಯಾಂಕಿನ ಒಳಗಿನ ಯಂತ್ರದಲ್ಲಿ. ‘ನಿಮ್ಮ ಕರೆನ್ಸಿಗೆ ಪರಿವರ್ತಿಸಲೇ’ ಎಂದು ಯಂತ್ರ ಕೇಳಿದರೆ ಬೇಡ ಎನ್ನಿ, ಯಂತ್ರದ ದರದಲ್ಲಿ ನಷ್ಟ ನಿಮಗೇ. ಅಲ್ಲಿನ ಹಣ ಪೆಸೊಗೂ ಅವರು ಡಾಲರ್ ಚಿಹ್ನೆಯನ್ನೇ ಬರೆಯುತ್ತಾರೆ. ಮೆನುವಿನಲ್ಲಿ ಒಂದು ಊಟಕ್ಕೆ 180 ಎಂದು ನೋಡಿ ತಾತ ಎದ್ದು ನಿಲ್ಲದಿರಲಿ.

ಊರ ನಡುವಿನ ಸೋಕಲೊ ಚೌಕದ ಸುತ್ತಲ ಹಳೇ ಊರು ಹಗಲೆಲ್ಲ ನಮ್ಮ ಸಯ್ಯಾಜಿರಾವ್ ರಸ್ತೆಯ ಹಾಗೆ ಗಿಜಿಗುಡುತ್ತದೆ. ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ಹಿಂದಿನ ಬೀದಿಗಳು ಬಿಕೋ ಎನ್ನುತ್ತವೆ, ಹೊರಡುವ ಹೊತ್ತು ಅದೇ. ಅದರ ಉತ್ತರಕ್ಕಿರುವ ತೆಪಿತೊ ಕಡೆಗೆ ಹಗಲಲ್ಲೂ ಕೆಲಸವಿಲ್ಲ. ಮೆಟ್ರೊ ಟಿಕೆಟ್ ಬರೀ 5 ಪೆಸೊ, ಬೆಳಿಗ್ಗೆ ಸಂಜೆಯ ರಶ್ಶಿನಲ್ಲಿ ಮುಂದಿನ ಬೋಗಿಗಳು ಹೆಂಗಸರು ಮಕ್ಕಳಿಗೆ ಮೀಸಲು. ಓದು ಬಾರದವರೂ ಇಳಿಯಲೆಂದು ಒಂದೊಂದು ನಿಲ್ದಾಣಕ್ಕೂ ಒಂದು ಚಿತ್ರವಿದೆ. ಚಪುಲ್ಟೆಪೆಕ್ ಎಂದು ನಾಲಿಗೆ ತಿರುಗಿಸಬೇಕಿಲ್ಲ, ‘ಮಿಡತೆ ಬಂದರೆ ಇಳೀರಿ’ ಎಂದರೆ ಸಾಕು. 2021ರ ಮೇ 3ರಂದು 12ನೇ ಮಾರ್ಗದ ಮೇಲ್ಸೇತುವೆ ಕುಸಿದು 26 ಜನ ಸತ್ತದ್ದನ್ನೂ ಹೇಳಬೇಕು. ಪ್ರವಾಸಿಗಳು ನೋಡುವ ಜಾಗಗಳು ಆ ಮಾರ್ಗದಲ್ಲಿಲ್ಲ, ಜೇಬುಗಳ್ಳರು ಮಾತ್ರ ಎಲ್ಲ ಮಾರ್ಗದಲ್ಲೂ ಇದ್ದಾರೆ. ದಸರಾ ಮೆರವಣಿಗೆಯಲ್ಲಿ ಪರ್ಸನ್ನು ಹೇಗೆ ಮುಂದಿನ ಜೇಬಿಗೆ ಹಾಕಿಕೊಳ್ಳುತ್ತೀರೋ ಹಾಗೆ. ತುರ್ತಿಗೆ 911, ಅಮೆರಿಕದ್ದೇ ನಂಬರು. ಭಾರತದ ರಾಯಭಾರ ಕಚೇರಿ ಪೊಲಾಂಕೊ ಬಡಾವಣೆಯಲ್ಲಿದೆ.

ಒಡವೆಯ ವಿಷಯದಲ್ಲಿ ಅಜ್ಜಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗಿನ ವಾಕಿಂಗಿಗೆ ಹೋಗುವ ಹೆಂಗಸರೆಲ್ಲ ಸೆರಗನ್ನು ಕುತ್ತಿಗೆ ಸುತ್ತ ಹೊದ್ದೇ ನಡೆಯುವುದು. ಚಳಿಗಲ್ಲ, ಬೈಕಿನಲ್ಲಿ ಬರುವ ಸರಗಳ್ಳರಿಗೆ. ಅದನ್ನು ಡ್ರಿಲ್ ಎಂದು ಯಾರೂ ಕರೆದಿಲ್ಲ ಅಷ್ಟೆ. ತಾಳಿ ತೆಗೆಯುವ ಮಾತು ಎತ್ತಲೇಬೇಡಿ. ತಾಳಿಯನ್ನು ಅರಿಶಿನದ ದಾರಕ್ಕೆ ಪೋಣಿಸಿಕೊಂಡು ಚಿನ್ನದ ಸರವನ್ನು ಹ್ಯೂಸ್ಟನ್ನಿನಲ್ಲಿ ಬಿಟ್ಟರೆ ಆಯಿತು. ಬಳೆಯೂ ಗಾಜಿನದ್ದೇ ಇರಲಿ.

ಮೊದಲ ದಿನ ಏನೂ ನೋಡಬೇಡಿ. ಆ ಊರು ಸಮುದ್ರಮಟ್ಟದಿಂದ 2,240 ಮೀಟರ್ ಎತ್ತರದಲ್ಲಿದೆ, ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ 300 ಮೀಟರ್ ಮೇಲೆ. ಎರಡು ಮಹಡಿ ಹತ್ತುವಷ್ಟರಲ್ಲಿ ಏದುಸಿರು, ತಲೆನೋವು, ರಾತ್ರಿ ನಿದ್ದೆ ಹತ್ತದಿರುವುದು ಸಾಮಾನ್ಯ. ಹೃದಯದ, ಶ್ವಾಸದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಟಿಕೆಟ್ ಮಾಡಿಸಬೇಕು. ನಲ್ಲಿ ನೀರು ಕುಡಿಯಬೇಡಿ, ಹಲ್ಲುಜ್ಜಲೂ ಬಾಟಲಿ ನೀರೇ. ಐವತ್ತು ಕಿಲೋಮೀಟರ್ ದೂರದ ತೆಯೋತಿವಾಕಾನ್ ಪಿರಮಿಡ್ಡುಗಳನ್ನು ಮೂರನೇ ದಿನಕ್ಕಿಡಿ, ಬೆಳಿಗ್ಗೆ ಬೇಗ ಹೋಗಿ. ಅಲ್ಲಿ ನೆರಳೇ ಇಲ್ಲ. ಮಾನವಶಾಸ್ತ್ರ ಮ್ಯೂಸಿಯಂ, ಅಸ್ಟೆಕ್ಕರ ಹಳೇ ಗುಡಿಯ ಅವಶೇಷ ಟೆಂಪ್ಲೊ ಮಯೋರ್ ಎರಡಕ್ಕೂ ಸೋಮವಾರ ರಜ.

ಸಸ್ಯಾಹಾರಿಗಳಿಗೆ ಒಂದು ಮಾತು. ‘ಸಿನ್ ಕಾರ್ನೆ’ ಎಂದರೆ ಮಾಂಸ ಬೇಡ ಎಂದರ್ಥ, ಆದರೆ ಕೋಳಿಯನ್ನು ಅವರು ಆ ಲೆಕ್ಕಕ್ಕೆ ಹಿಡಿಯದಿರಬಹುದು. ಅನ್ನ ಬೇಯಿಸಿದ್ದು ಕೋಳಿ ಸಾರಿನಲ್ಲಿ, ಹುರುಳಿಕಾಯಿ ಬೀಜ ಅರೆದು ಹುರಿದದ್ದು ಹಂದಿ ಕೊಬ್ಬಿನಲ್ಲಿ ಇದ್ದೀತು. ‘ಸಿನ್ ಪೊಯೊ, ಸಿನ್ ಕಾಲ್ಡೊ, ಸಿನ್ ಮಾಂತೆಕಾ’ (ಕೋಳಿ ಬೇಡ, ಸಾರು ಬೇಡ, ಹಂದಿ ಕೊಬ್ಬು ಬೇಡ) ಎಂದು ಚೀಟಿಯಲ್ಲಿ ಬರೆದುಕೊಂಡು ತೋರಿಸಿ. ಕುಂಬಳದ ಹೂವು, ಪಾಪಾಸುಕಳ್ಳಿ, ಬಗೆಬಗೆಯ ಸೊಪ್ಪು ಹಾಕಿ ಮಡಿಸಿದ ರೊಟ್ಟಿ, ಕೆಸಡಿಯ, ಕೇಳಿ. ‘ಕೊನ್ ಕೇಸೊ’ (ಚೀಸ್ ಹಾಕಿ) ಎನ್ನದಿದ್ದರೆ ಆ ಊರಿನಲ್ಲಿ ಚೀಸೇ ಇಲ್ಲದ ಕೆಸಡಿಯವೂ ಬರುತ್ತದೆ. ಮುಸುಕಿನ ಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ, ರುಬ್ಬಿ, ತಟ್ಟಿ ಹಂಚಿಗೆ ಹಾಕುವುದನ್ನು ಅಜ್ಜಿ ನಿಂತು ನೋಡುತ್ತಾರೆ, ಅಲ್ಲಿ ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ. ಒರಳಲ್ಲಿ ಅರೆದ ಸಾಲ್ಸಾ ನಮ್ಮ ಚಟ್ನಿಯೇ. ಮೆಣಸಿನಕಾಯಿ, ಟೊಮೇಟೊ ನಮಗೆ ಬಂದದ್ದೂ ಆ ಕಡೆಯಿಂದಲೇ.

ಕೆಥೆಡ್ರಲ್ಲಿನ ಒಳಗೆ ಮೇಲಿನಿಂದ ಒಂದು ತೂಗುಗುಂಡು ಇಳಿಬಿಟ್ಟಿದ್ದಾರೆ, ತಪ್ಪದೆ ನೋಡಿ. 1573ರಲ್ಲಿ ಶುರುವಾಗಿ 1813ರಲ್ಲಿ ಮುಗಿದ ಕಟ್ಟಡ ಅದು. ಊರು ಅಂತರ್ಜಲ ಎತ್ತಿ ಎತ್ತಿ, ಅಡಿಯ ಜೇಡಿ ಕುಗ್ಗಿ, ಒಂದು ಕಡೆ ಹೆಚ್ಚು ಒಂದು ಕಡೆ ಕಮ್ಮಿ ಕುಸಿಯಿತು. 1990ರ ದಶಕದಲ್ಲಿ ಎಂಜಿನಿಯರುಗಳು ತಗ್ಗಿದ ಭಾಗವನ್ನು ಎತ್ತಲು ಹೋಗಲಿಲ್ಲ. ಎತ್ತರ ಉಳಿದ ಭಾಗದ ಅಡಿಗೆ ಬಾವಿ ತೋಡಿ ಮಣ್ಣನ್ನು ಸ್ವಲ್ಪ ಸ್ವಲ್ಪವೇ ತೆಗೆದು, ಅದನ್ನೂ ಸಮಕ್ಕೆ ಇಳಿಸಿದರು. ಕಾಲಡಿ ನೆಲವೇ ನಿಲ್ಲದ ಊರು ತನ್ನ ಹಳೇ ಕಟ್ಟಡವನ್ನು ಹೀಗೆ ಕಾಯ್ದುಕೊಂಡಿದೆ. ಮೈಸೂರಿನ ನೆಲ ಗಟ್ಟಿ, ಹೀಗೆ ನಡುಗುವುದೂ ಇಲ್ಲ, ಕುಸಿಯುವುದೂ ಇಲ್ಲ. ಆದರೂ 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿದ್ದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಪಕ್ಕ ಬಿತ್ತು. ಕೆಡವುವುದೋ ಉಳಿಸುವುದೋ ಎಂಬ ಮಾತು ಕೋರ್ಟಿನವರೆಗೆ ಹೋಯಿತು. ಅಷ್ಟು ವರ್ಷವೂ ಅದೇ ಮಾರುಕಟ್ಟೆಯಿಂದಲೇ ಅಜ್ಜಿ ಮಲ್ಲಿಗೆ ತಂದದ್ದು, ಅದೇ ಗೋಡೆಯ ಕೆಳಗೆ ನಿಂತು ಚೌಕಾಸಿ ಮಾಡಿದ್ದು. ಮಂಡ್ಯದ ಮಾವನಾದರೂ ಅಷ್ಟೇ, ಅಪಘಾತ ಹೆಚ್ಚಿ 2023ರ ಆಗಸ್ಟ್ 1ರಿಂದ ಬೈಕು, ಆಟೋಗಳನ್ನು ಹೊರಗಿಟ್ಟ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ವಾರಕ್ಕೆರಡು ಸಲ ಹೋಗಿ ಬರುವವರು. ಆ ದಾರಿಗೆ ಯಾರೂ ಅವರಿಗೆ ವಿಡಿಯೋ ಕಾಲ್ ಮಾಡಿಲ್ಲ.

ಎಲ್ಲ ಕೇಳಿಸಿಕೊಂಡ ಅಜ್ಜಿಯ ಪ್ರಶ್ನೆ ಒಂದೇ: “ಅಲ್ಲಿ ಫುಟ್‌ಪಾತ್ ಇದೆಯಾ?”

ಇದೆ. ಅಗಲವಾಗಿಯೇ ಇದೆ, ಸಾಲು ಮರದ ನೆರಳೂ ಇದೆ. ಆದರೆ ಮರದ ಬೇರು ಎಬ್ಬಿಸಿ, ನೆಲ ಇಳಿದು ಚಪ್ಪಡಿಗಳು ಏರುಪೇರಾಗಿವೆ, ಕಣ್ಣು ಕೆಳಗಿರಬೇಕು. ಸೀರೆಯ ನೆರಿಗೆ ಒಂದು ಗೇಣು ಮೇಲಕ್ಕೆ, ಕಾಲಿಗೆ ಚಪ್ಪಲಿ ಬೇಡ, ಲೇಸಿನ ಶೂ.