ಏಳು ಜನರಲ್ಲಿ ಒಬ್ಬರು

ಇವತ್ತು ಸುಮ್ನೆ ಜೇನ್ ಕುಕ್ ರೈಟ್ ಬಗ್ಗೆ ಓದುತ್ತಾ ಕೂತೆ. ಕೀಮೋಥೆರಪಿಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರು. 1964ರಲ್ಲಿ ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ ಆಸ್ಕೋ ಕಟ್ಟಿದ 7 ಜನರಲ್ಲಿ ಇವರೊಬ್ಬರೇ ಹೆಂಗಸು, ಅದರಲ್ಲೂ ಕಪ್ಪು ಹೆಂಗಸು. ಅರವತ್ತು ವರ್ಷ ಕಳೆದರೂ ಅಲ್ಲಿನ ಕ್ಯಾನ್ಸರ್ ತಜ್ಞರಲ್ಲಿ ಕಪ್ಪು ಜನ ನೂರಕ್ಕೆ 3ರ ಆಸುಪಾಸು. ಜನಸಂಖ್ಯೆಯಲ್ಲಿ 13ರಷ್ಟಿದ್ದಾರೆ!

ಸ್ತನ ಕ್ಯಾನ್ಸರ್ ಕಪ್ಪು ಹೆಂಗಸರಿಗೆ ಬಿಳಿಯರಿಗಿಂತ ಸ್ವಲ್ಪ ಕಡಿಮೆಯೇ ಬರುತ್ತದಂತೆ. ಸಾವು ಮಾತ್ರ ನೂರಕ್ಕೆ ಸುಮಾರು 40ರಷ್ಟು ಜಾಸ್ತಿ. ಇನ್ಶೂರೆನ್ಸ್ ಇಲ್ಲದ್ದು, ತಡವಾಗಿ ಪತ್ತೆಯಾಗೋದು, ಗೆಡ್ಡೆಯ ಬಗೆ, ಹೀಗೆ ಕಾರಣ ಹಲವು. ಡಾಕ್ಟರ್ ಯಾರು ಅನ್ನೋದೊಂದೇ ಅಲ್ಲ, ಒಪ್ಪುತ್ತೇನೆ. ಆದರೆ ಹೊಸ ಔಷಧಿಯ ಟ್ರಯಲ್‌ಗೆ ಸೇರುತ್ತೀರಾ ಅಂತ ಕೇಳುವವರು ನಮ್ಮವರ ಹಾಗೆ ಕಂಡರೆ ಬಾಯಿಬಿಟ್ಟು ಮಾತಾಡೋದು ಸುಲಭ, ಅಲ್ವಾ? ಡಾಕ್ಟರ ಮುಂದೆ ಕೂತರೆ ನಾನಂತೂ ಅರ್ಧ ಪ್ರಶ್ನೆ ನುಂಗಿಬಿಡುತ್ತೇನೆ.