ಸ್ಕಾಟ್ಲೆಂಡಿನ ರೈಲು, ಉಲ್ವಾ ದ್ವೀಪದ ಗೋಡೆಗಳು

ಗ್ಲಾಸ್ಗೋದ ಕ್ವೀನ್ ಸ್ಟ್ರೀಟ್ ನಿಲ್ದಾಣದಿಂದ ಫೋರ್ಟ್ ವಿಲಿಯಂ ಕಡೆ ಹೊರಡುವ ರೈಲಿನಲ್ಲಿ ಯಾವ ಕಿಟಕಿ ಹಿಡಿಯಬೇಕು ಅನ್ನುವುದೇ ಒಂದು ಚರ್ಚೆ. ಮೊದಲು ಎಡಕ್ಕೆ ಸಮುದ್ರ ಒಳಗೆ ನುಗ್ಗಿ ಬಂದಿರುತ್ತದೆ, ಆಮೇಲೆ ಬಲಕ್ಕೆ ಲೋಮಂಡ್ ಸರೋವರ ಶುರುವಾಗುತ್ತದೆ. ನಮ್ಮ ಗೈಡ್ ಅದಕ್ಕೊಂದು ದಾರಿ ಕಂಡುಕೊಂಡಿದ್ದರು. ಅರ್ಧ ದಾರಿ ಆ ಕಡೆ ಕೂತವರು ಇನ್ನರ್ಧ ದಾರಿ ಈ ಕಡೆ ಕೂರಬೇಕು. ಗುಂಪಿನಲ್ಲಿ ಹೆಚ್ಚಿನವರು ನಿವೃತ್ತರು, ಇಂಗ್ಲೆಂಡ್ ಮತ್ತು ಕೆನಡಾದಿಂದ ಬಂದವರು. ಕನ್ನಡದವರು ನಾನು, ನಮ್ಮ ಯಜಮಾನರು ಇಬ್ಬರೇ.

ಆ ಗೈಡ್ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ವಯಸ್ಸು ಅರವತ್ತರ ಹತ್ತಿರ, ಸ್ಕಾಟ್ಲೆಂಡಿನ ಉತ್ತರದ ಬೆಟ್ಟಸೀಮೆಯಾದ ಹೈಲ್ಯಾಂಡ್ಸ್‌ನಲ್ಲೇ ಹುಟ್ಟಿ ಬೆಳೆದ ಹೆಂಗಸು. ಮೈಕು ಹಿಡಿದು ಒಂದೇ ಸಮ ಮಾತಾಡುವವರಲ್ಲ. ನೋಡುವುದಕ್ಕೆ ಬಿಡುತ್ತಿದ್ದರು. ಆಮೇಲೆ ಹತ್ತಿರ ಬಂದು ಕೂತು ಒಂದೆರಡು ಮಾತು ಹೇಳುತ್ತಿದ್ದರು. ಅವರಿಲ್ಲದೆ ನಾವೇ ಟಿಕೆಟ್ ಮಾಡಿಸಿ ಹೋಗಿದ್ದರೆ ಬೆಟ್ಟ ನೋಡಿ, ಫೋಟೋ ತೆಗೆದು ವಾಪಸ್ ಬಂದಿರುತ್ತಿದ್ದೆವು.

ಕ್ರಿಯಾನ್‌ಲಾರಿಕ್ ಎಂಬ ಪುಟ್ಟ ಊರಿನಲ್ಲಿ ರೈಲು ಎರಡಾಗುತ್ತದೆ. ಒಂದು ಭಾಗ ಓಬನ್ ಬಂದರಿಗೆ, ಇನ್ನೊಂದು ಉತ್ತರಕ್ಕೆ. ನಮ್ಮದು ಉತ್ತರದ್ದು. ಟಿಂಡ್ರಮ್ ದಾಟಿದ ಮೇಲೆ ಹಳಿ ನೇರವಾಗಿ ಹೋಗುವುದು ಬಿಟ್ಟು ಕಣಿವೆಯ ಒಳಗೆ ಕುದುರೆ ಲಾಳದ ಆಕಾರದಲ್ಲಿ ಸುತ್ತಿ ಬರುತ್ತದೆ. ಕಣಿವೆಗೆ ಅಡ್ಡ ದೊಡ್ಡ ಸೇತುವೆ ಕಟ್ಟಲು ಕಂಪನಿಯ ಹತ್ತಿರ ದುಡ್ಡು ಸಾಲದೆ ಹೀಗೆ ಸುತ್ತು ಹಾಕಿದರಂತೆ. ದುಡ್ಡಿನ ಕೊರತೆ ನಮಗೆ ಲಾಭವೇ ಆಯಿತು, ಒಂದೇ ಬೆಟ್ಟವನ್ನು ಮೂರು ಕಡೆಯಿಂದ ನೋಡಲು ಸಿಕ್ಕಿತು.

ಅಲ್ಲಿಂದ ಮುಂದೆ ರನ್ನಾಕ್ ಮೂರ್. ಸುಮಾರು 130 ಚದರ ಕಿಲೋಮೀಟರ್ ಕೆಸರು ಬಯಲು. ಮರವಿಲ್ಲ, ಮನೆಯಿಲ್ಲ. ಕಂದು ಹುಲ್ಲು, ಕಪ್ಪು ನೀರಿನ ಗುಂಡಿಗಳು, ಸುತ್ತ ಬೋಳು ಬೆಟ್ಟಗಳು. ಮೇ ತಿಂಗಳಾದರೂ ಬೆಟ್ಟದ ಸಂದುಗಳಲ್ಲಿ ಹಿಮ ಉಳಿದಿತ್ತು. ಈ ನೆಲದಲ್ಲಿ ಕಾಲಿಟ್ಟರೆ ಒಳಗೆ ಹೋಗುತ್ತದೆ. ಹಾಗಿದ್ದರೂ ಇದರ ಮೇಲೆ ರೈಲು ಓಡುತ್ತಿದೆ! ಮರದ ಬೇರು, ಸೌದೆ ಕಟ್ಟು, ಮಣ್ಣು, ಬೂದಿಗಳನ್ನು ಸಾವಿರಾರು ಟನ್ ಸುರಿದು, ಅದರ ಮೇಲೆ ಹಳಿ ಹಾಸಿದರು. ಹಳಿ ಒಂಥರಾ ಕೆಸರಿನ ಮೇಲೆ ತೇಲುತ್ತಿದೆ. 1889ರ ಜನವರಿಯಲ್ಲಿ ದಾರಿ ನೋಡಲೆಂದು ಏಳು ಜನ ಈ ಬಯಲನ್ನು ನಡೆದು ದಾಟಲು ಹೊರಟರು. ಕತ್ತಲಾಯಿತು, ಹವೆ ಕೆಟ್ಟಿತು, ಜೀವ ಉಳಿದದ್ದೇ ಹೆಚ್ಚು. 1894ರಲ್ಲಿ ಲೈನ್ ಶುರುವಾಯಿತು.

ರನ್ನಾಕ್ ನಿಲ್ದಾಣದ ಪ್ಲಾಟ್‌ಫಾರಂ ತುದಿಯಲ್ಲಿ ಒಂದು ಬಂಡೆಗಲ್ಲು ಇದೆ. ಅದರಲ್ಲಿ ಒಬ್ಬರ ಮುಖ ಕೆತ್ತಿದ್ದಾರೆ. ಕಂಪನಿಯ ನಿರ್ದೇಶಕರಲ್ಲೊಬ್ಬರಾದ ರೆಂಟನ್ ಅವರದು. ಹಣ ಮುಗಿದು ಕೆಲಸ ನಿಲ್ಲುವ ಹಂತ ಬಂದಾಗ ಅವರು ಸ್ವಂತ ದುಡ್ಡು ಹಾಕಿದರು. ಕೆತ್ತಿದವರು ಹಳಿ ಹಾಕಿದ ಕೂಲಿಗಳೇ. ನನಗೆ ಆ ಕಲ್ಲು ತುಂಬ ಇಷ್ಟವಾಯಿತು. ಮೂಗು ಸ್ವಲ್ಪ ಸೊಟ್ಟ ಇದೆ, ಆದರೆ ಪ್ರೀತಿಯಿಂದ ಮಾಡಿದ್ದು ಅಂತ ನೋಡಿದರೇ ಗೊತ್ತಾಗುತ್ತದೆ.

"ಎಷ್ಟು ಜಾಗ ನೋಡೇ, ಒಂದು ನರಪಿಳ್ಳೆ ಇಲ್ಲ," ಅಂದರು ಇವರು. ನಾನು ಅದನ್ನೇ ಗೈಡ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: ಈ ಕೆಸರು ಬಯಲು ಮೊದಲಿನಿಂದಲೂ ಖಾಲಿಯೇ, ಇಲ್ಲಿ ಯಾರೂ ಬೇಸಾಯ ಮಾಡುವ ಹಾಗಿಲ್ಲ. ಆದರೆ ಮುಂದೆ ನೀವು ನೋಡುವ ಕಣಿವೆಗಳು, ದ್ವೀಪಗಳು ಹಾಗಲ್ಲ. ಅಲ್ಲಿ ಜನ ಇದ್ದರು. ದ್ವೀಪಕ್ಕೆ ಹೋದಾಗ ತೋರಿಸುತ್ತೇನೆ.

ಮಾರನೆಯ ದಿನ ಗ್ಲೆನ್‌ಫಿನನ್ ಸೇತುವೆ ದಾಟಿ ಮಲ್ಲೇಗ್‌ವರೆಗೆ ಹೋಗಿ ಬಂದೆವು. ಹ್ಯಾರಿ ಪಾಟರ್ ಸಿನಿಮಾದಿಂದ ಜಗತ್ತಿಗೆಲ್ಲ ಗೊತ್ತಾದ ಸೇತುವೆ ಅದು. 21 ಕಮಾನು, 380 ಮೀಟರ್ ಉದ್ದ, ಒಳಗೆ ಕಬ್ಬಿಣದ ಸರಳೇ ಇಲ್ಲದ ಬರೀ ಕಾಂಕ್ರೀಟ್. ರೈಲು ತಿರುವಿನಲ್ಲಿ ಬಾಗಿದಾಗ ಎಲ್ಲರೂ ಕಿಟಕಿಗೆ ಮುಗಿಬಿದ್ದರು. ಕೆಳಗೆ ಸರೋವರದ ದಡದಲ್ಲಿ ಒಂದು ಎತ್ತರದ ಕಂಬ ಕಾಣುತ್ತದೆ. 1745ರಲ್ಲಿ, ಪಟ್ಟ ಕಳೆದುಕೊಂಡ ರಾಜಮನೆತನದ ಚಾರ್ಲ್ಸ್ ಎಡ್ವರ್ಡ್ ಸ್ಟುವರ್ಟ್ ಬ್ರಿಟನ್ನಿನ ಸಿಂಹಾಸನಕ್ಕಾಗಿ ಬಾವುಟ ಏರಿಸಿದ ಜಾಗ. ಮುಂದಿನ ವರ್ಷ ಏಪ್ರಿಲ್‌ನಲ್ಲಿ ಕಲ್ಲೋಡನ್‌ನಲ್ಲಿ ಅವನ ಸೈನ್ಯ ಸೋತಿತು. ಹೈಲ್ಯಾಂಡ್ಸ್‌ನ ಹಳೆಯ ಕುಲಗಳ ವ್ಯವಸ್ಥೆ ಅಲ್ಲಿಂದ ಬೇಗ ಬೇಗ ಕುಸಿಯಿತು. ಕುಲದ ಮುಖಂಡರು ಬರೀ ಜಮೀನ್ದಾರರಾದರು. ಆಮೇಲೆ ಅದೇ ಹೈಲ್ಯಾಂಡ್ಸ್ ಹುಡುಗರನ್ನು ಬ್ರಿಟಿಷ್ ಸೈನ್ಯಕ್ಕೆ ಸೇರಿಸಿಕೊಂಡು ದೂರದ ದೇಶಗಳಿಗೆ ಕಳಿಸಿದರು.

ಆ ದೂರದ ದೇಶಗಳಲ್ಲಿ ನಮ್ಮದೂ ಒಂದು ಅನ್ನುವುದು ಮಲ್ ದ್ವೀಪದಲ್ಲಿ ಮನಸ್ಸಿಗೆ ಬಂತು. ಓಬನ್‌ನಿಂದ ಕ್ರೇಗ್‌ನೂರ್‌ಗೆ ಹಡಗಿನಲ್ಲಿ ಮುಕ್ಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು. ಇಳಿದು ಬಸ್ಸಿನಲ್ಲಿ ಹೊರಟರೆ ಒಂದೇ ಗಾಡಿ ಹೋಗುವಷ್ಟು ರಸ್ತೆ. ಎದುರಿಗೆ ಇನ್ನೊಂದು ಬಂದರೆ ಯಾರಾದರೂ ಪಕ್ಕದ ಜಾಗಕ್ಕೆ ಸರಿದು ನಿಲ್ಲಬೇಕು. ಗ್ರುಲೀನ್ ಎಂಬಲ್ಲಿ ಗೈಡ್ ಬಸ್ ನಿಲ್ಲಿಸಿ ನಮ್ಮನ್ನು ಒಂದು ಕಲ್ಲಿನ ಸಮಾಧಿಗೆ ಕರೆದುಕೊಂಡು ಹೋದರು. ಸುತ್ತ ಗೋಡೆ, ಹಸಿರು ಹುಲ್ಲು, ಹತ್ತಿರದಲ್ಲೇ ಕುರಿ. ಲಾಕ್ಲನ್ ಮಕ್ವಾರಿಯ ಸಮಾಧಿ. 'ಆಸ್ಟ್ರೇಲಿಯದ ತಂದೆ' ಅಂತ ಕೆತ್ತಿದ್ದಾರೆ. 1810ರಿಂದ 1821ರವರೆಗೆ ನ್ಯೂ ಸೌತ್ ವೇಲ್ಸ್‌ನ ಗವರ್ನರ್ ಆಗಿದ್ದವನು.

ಇವನು ಹುಟ್ಟಿದ್ದು ಪಕ್ಕದ ಉಲ್ವಾ ದ್ವೀಪದಲ್ಲಿ, 1762ರಲ್ಲಿ. ಆಸ್ಟ್ರೇಲಿಯಕ್ಕೆ ಹೋಗುವ ಎಷ್ಟೋ ಮುಂಚೆ, 1788ರಲ್ಲಿ, ಸೈನ್ಯದ ಜೊತೆ ಮುಂಬಯಿಗೆ ಬಂದವನು. ಶ್ರೀರಂಗಪಟ್ಟಣದ ಮೇಲೆ ನಡೆದ 1792ರ ದಾಳಿಯಲ್ಲೂ ಇದ್ದ, ಟಿಪ್ಪು ಸತ್ತ 1799ರ ದಾಳಿಯಲ್ಲೂ ಇದ್ದ. ಗೈಡ್ ಇದನ್ನು ಹೇಳುವಾಗ ನಮ್ಮ ಕಡೆಯೇ ತಿರುಗಿ ನೋಡಿದರು. ನಮ್ಮ ಯಜಮಾನರ ಊರು ಪಾಲಹಳ್ಳಿ ಹತ್ತಿರ, ಕೋಟೆಯ ಗೋಡೆ ನೋಡುತ್ತಲೇ ಬೆಳೆದವರು. ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಗೌರವಕ್ಕೋ, ಬೇರೆ ಯಾವುದಕ್ಕೋ, ನಾನು ಕೇಳಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ಹೇಳಿದರು: "ಅಷ್ಟು ದೂರದಿಂದ ನಮ್ಮೂರಿಗೆ ಬಂದು ಹೊಡೆದಾಡಿದನಲ್ಲ. ಇವನ ಊರಲ್ಲಿ ಇವನಿಗೆ ಬದುಕಿರಲಿಲ್ವಾ?"

ನಿಜ ಹೇಳಬೇಕೆಂದರೆ ಇರಲಿಲ್ಲ. ಮಕ್ವಾರಿ ಕುಲದ ಮುಖಂಡ ಸಾಲ ತೀರಿಸಲಾಗದೆ ಉಲ್ವಾವನ್ನು 1777ರಲ್ಲೇ ಮಾರಿದ್ದ. ಸೈನ್ಯವೊಂದೇ ಹುಡುಗರಿಗೆ ಇದ್ದ ದಾರಿ. ಲಾಕ್ಲನ್ ಇಂಡಿಯಾದಲ್ಲಿ ದುಡಿದು ಮಲ್‌ನಲ್ಲಿ ಜಮೀನು ಕೊಂಡ. ಮುಂದೆ ಗವರ್ನರ್ ಆಗಿ ರಸ್ತೆ, ಊರು, ಆಸ್ಪತ್ರೆ ಕಟ್ಟಿಸಿದ. ಅದೇ ಮನುಷ್ಯ 1816ರಲ್ಲಿ ಅಲ್ಲಿನ ಮೂಲನಿವಾಸಿಗಳ ಮೇಲೆ ಸೈನಿಕರನ್ನು ಕಳಿಸಿದ, ಹೆಂಗಸರು ಮಕ್ಕಳೂ ಸತ್ತರು. ತನ್ನ ಕುಲದ ನೆಲ ಕೈತಪ್ಪಿದ್ದನ್ನು ಕಂಡವನು ಇನ್ನೊಬ್ಬರ ನೆಲದಲ್ಲಿ ಹೀಗೆ ಮಾಡಿದ. ಇದು ನನಗೆ ಈಗಲೂ ಅರಗುತ್ತಿಲ್ಲ. ಸಮಾಧಿಯ ಕಲ್ಲಿನ ಮೇಲೆ ಈ ವಿಷಯಕ್ಕೆ ಜಾಗವಿಲ್ಲ. ಗೈಡ್ ಮಾತ್ರ ಮುಚ್ಚಿಡದೆ ಹೇಳಿದರು.

ಗಾಳಿ ಜೋರಾಗಿದ್ದರಿಂದ ಸ್ಟಾಫಾ ದ್ವೀಪದ ಗುಹೆಗೆ ದೋಣಿ ಹೊರಡಲಿಲ್ಲ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಂತೆ ಲಾವಾ ತಣ್ಣಗಾಗುವಾಗ ಕಂಬ ಕಂಬವಾಗಿ ಒಡೆದ ಬಂಡೆಗಳು ಅಲ್ಲಿವೆ. ನೋಡುವ ಆಸೆ ಬಹಳ ಇತ್ತು. ಅಯೋನಾಕ್ಕೆ ಹೋದೆವು. 563ರಲ್ಲಿ ಐರ್ಲೆಂಡಿನಿಂದ ಬಂದ ಸಂತ ಕೊಲಂಬ ಮಠ ಕಟ್ಟಿದ ದ್ವೀಪ. ಅಲ್ಲಿನ ಕಲ್ಲಿನ ಶಿಲುಬೆಗಳ ಬಗ್ಗೆ ಬರೆಯಲು ಹೊರಟರೆ ಇನ್ನೊಂದು ಲೇಖನವೇ ಆಗುತ್ತದೆ. ನನ್ನ ಮನಸ್ಸು ಇದ್ದದ್ದು ಉಲ್ವಾದ ಕಡೆ.

ಉಲ್ವಾಕ್ಕೆ ಹೋಗುವುದು ಒಂದು ಚಂದ. ಮಲ್ ಕಡೆಯ ದಡದಲ್ಲಿ ಒಂದು ಹಲಗೆ ಇದೆ. ಅದನ್ನು ಪಕ್ಕಕ್ಕೆ ಸರಿಸಿದರೆ ಒಳಗಿನ ಕೆಂಪು ಬಣ್ಣ ಕಾಣುತ್ತದೆ. ಆಚೆ ದಡದಲ್ಲಿರುವ ದೋಣಿಯವರು ಕೆಂಪು ನೋಡಿ ಬರುತ್ತಾರೆ. ನೀರಿನ ಮೇಲೆ ಎರಡು ಮೂರು ನಿಮಿಷ ಅಷ್ಟೆ. ದೋಣಿಯಲ್ಲಿ ಕಾರು ಹಿಡಿಯುವುದಿಲ್ಲ, ದ್ವೀಪದಲ್ಲಿ ಟಾರು ರಸ್ತೆಯೂ ಇಲ್ಲ. 12 ಕಿಲೋಮೀಟರ್ ಉದ್ದದ ದ್ವೀಪವನ್ನು ನಡೆದೇ ನೋಡಬೇಕು.

ದಡದ ಹತ್ತಿರ ಹುಲ್ಲು ಹೊದಿಸಿದ ಒಂದು ಹಳೇ ಮನೆಯನ್ನು ಮ್ಯೂಸಿಯಂ ಮಾಡಿದ್ದಾರೆ. ಸ್ವಲ್ಪ ದೂರದಲ್ಲಿ ಎಂಜಿನಿಯರ್ ಥಾಮಸ್ ಟೆಲ್ಫರ್ಡ್ ನಕ್ಷೆಯ ಚರ್ಚು. ಒಂದು ದೊಡ್ಡ ಊರಿಗೆ ಸಾಕಾಗುವಷ್ಟು ದೊಡ್ಡ ಚರ್ಚು. ಅದನ್ನು ಕಟ್ಟುವ ಕಾಲಕ್ಕೆ, ಅಂದರೆ 1820ರ ದಶಕದ ಕೊನೆಗೆ, ದ್ವೀಪ ತುಂಬಿ ತುಳುಕುತ್ತಿತ್ತು. ಸುಮಾರು 600 ಜನ, 16 ಹಳ್ಳಿ. ಸಮುದ್ರದ ಪಾಚಿಯನ್ನು ಸುಟ್ಟು ಬೂದಿ ಮಾಡುವುದು ಅವರ ಕಸುಬು. ಗಾಜಿಗೆ, ಸೋಪಿಗೆ ಆ ಬೂದಿ ಬೇಕಿತ್ತು. ನೆಪೋಲಿಯನ್ ಜೊತೆಗಿನ ಯುದ್ಧಗಳು ನಡೆಯುತ್ತಿದ್ದಾಗ ಹೊರಗಿನ ಮಾಲು ಬರದೆ ಇಲ್ಲಿನ ಬೂದಿಗೆ ಒಳ್ಳೆ ಬೆಲೆ ಇತ್ತು. ಜಮೀನ್ದಾರರು ಜನ ಬೇಕು ಅಂದರು. ಯುದ್ಧ ಮುಗಿಯಿತು, ಬೆಲೆ ಬಿತ್ತು. 1835ರಲ್ಲಿ ಕ್ಲಾರ್ಕ್ ಎಂಬ ವಕೀಲ ದ್ವೀಪ ಕೊಂಡ. 1846ರಲ್ಲಿ ಆಲೂಗಡ್ಡೆಗೆ ರೋಗ ಬಂದು ಜನ ಉಪವಾಸ ಬಿದ್ದರು. ಬಾಡಿಗೆ ಕೊಡಲು ಆಗದವರನ್ನು ಅವನು ಹೊರಗೆ ಹಾಕುತ್ತಾ ಬಂದ. ನೆಲವನ್ನು ಕುರಿಗಳಿಗೆ ಬಿಟ್ಟ. ಜನ ಹಿಂತಿರುಗಬಾರದೆಂದು ಚಾವಣಿಗೆ ಬೆಂಕಿ ಇಡುತ್ತಿದ್ದರೆಂದು ಅಲ್ಲಿನವರ ಬಾಯಲ್ಲಿ ಇವತ್ತಿಗೂ ಇದೆ. ಹೋಗಲು ಶಕ್ತಿ ಇಲ್ಲದ ಮುದುಕರನ್ನು ದಡದ ಹತ್ತಿರದ ಒಂದು ಸಾಲು ಮನೆಗಳಿಗೆ ತಳ್ಳಿದರು. ಆ ಸಾಲಿಗೆ ಜನ ಇಟ್ಟ ಹೆಸರು 'ಸ್ಟಾರ್ವೇಶನ್ ಟೆರೇಸ್', ಹಸಿವಿನ ಸಾಲು.

ಆರ್ಮೇಗ್ ಎಂಬ ಹಾಳುಬಿದ್ದ ಹಳ್ಳಿಗೆ ನಡೆದೆವು. ಮಕ್ವಾರಿ ಕುಲದವರ ಊರು. ಕಾಲು ದಾರಿಯ ಎರಡೂ ಕಡೆ ಸೊಂಟದೆತ್ತರದ ಜರಿಗಿಡ. ಜರಿಗಿಡ ದಟ್ಟವಾಗಿರುವ ಕಡೆ ಒಳ್ಳೆಯ ಮಣ್ಣಿರುತ್ತದೆ, ಅಂದರೆ ಯಾರೋ ಅಲ್ಲಿ ಉತ್ತು ಬಿತ್ತಿದ್ದರು ಅಂತ ಗೈಡ್ ಹೇಳಿದರು. ಅದಾದ ಮೇಲೆ ನನಗೆ ಜರಿಗಿಡ ಬೇರೆ ಥರ ಕಾಣತೊಡಗಿತು. ಮನೆಗಳ ಕಲ್ಲಿನ ಗೋಡೆಗಳು ನಿಂತಿವೆ, ಚಾವಣಿ ಇಲ್ಲ. ಒಳಗೆ ತುರಿಕೆ ಗಿಡ ಬೆಳೆದಿದೆ. ಒಲೆಯ ಜಾಗ ಗೊತ್ತಾಗುತ್ತದೆ. ಬಾಗಿಲ ಹೊಸ್ತಿಲು ತುಳಿದು ತುಳಿದು ಸವೆದಿದೆ. ಬೆಟ್ಟದ ಇಳಿಜಾರಿನಲ್ಲಿ ಹುಲ್ಲಿನ ಕೆಳಗೆ ಉದ್ದುದ್ದ ಏರುಗಳು. ನಮ್ಮ ಮಲೆನಾಡಿನಲ್ಲಿ ಶುಂಠಿಗೆ ಏರುಮಡಿ ಮಾಡುತ್ತಾರಲ್ಲ, ಹಾಗೆಯೇ. ಪಾಚಿಯನ್ನು ಬುಟ್ಟಿಯಲ್ಲಿ ಹೊತ್ತು ತಂದು ಮಣ್ಣಿಗೆ ಬೆರೆಸಿ ಆಲೂಗಡ್ಡೆ, ಓಟ್ಸ್ ಬೆಳೆಯುತ್ತಿದ್ದರಂತೆ.

ನಾನು ಸಾಗರದ ಕಡೆಯವಳು. ನಮ್ಮಪ್ಪ ಗೇಣಿ ಮಾಡುತ್ತಿದ್ದವರು. ಒಡೆಯರಿಗೆ ಭತ್ತ ಅಳೆದು ಕೊಟ್ಟು ಉಳಿದದ್ದು ನಮಗೆ. ಹತ್ತಿರದ ಕಾಗೋಡಿನಲ್ಲಿ 1951ರಲ್ಲಿ ರೈತರು ಸತ್ಯಾಗ್ರಹ ಮಾಡಿದ್ದನ್ನು ಅಪ್ಪ ಊಟದ ಹೊತ್ತಿಗೆ ಹೇಳುತ್ತಿದ್ದರು. ದೇವರಾಜ ಅರಸರ ಕಾಲದಲ್ಲಿ, 1974ರ ಕಾನೂನು ಬಂದ ಮೇಲೆ, ಏಳನೇ ನಂಬರ್ ಫಾರಂ ತುಂಬಿ ಭೂನ್ಯಾಯ ಮಂಡಳಿಗೆ ಓಡಾಡಿದರು. ಗದ್ದೆ ನಮ್ಮದಾಯಿತು. ಆ ಫಾರಂ ಬಂದಿರದಿದ್ದರೆ ನಾವೂ ಎಲ್ಲೋ ಇರುತ್ತಿದ್ದೆವು. ಆ ಹೊಸ್ತಿಲ ಮೇಲೆ ಕೂತಾಗ ನನಗೆ ಅಳು ಬಂತು. ಗುಂಪಿನಲ್ಲಿದ್ದ ಕೆನಡಾದ ಹೆಂಗಸೊಬ್ಬರೂ ಅಳುತ್ತಿದ್ದರು. ಅವರ ಅಜ್ಜಿಯ ಮನೆತನ ಇದೇ ಮಲ್ ಕಡೆಯಿಂದ ಹಡಗು ಹತ್ತಿ ಹೋದವರು. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡೆವು, ಹೆಚ್ಚು ಮಾತಾಡಲಿಲ್ಲ.

ಪ್ರವಾಸದ ಜಾಹೀರಾತುಗಳಲ್ಲಿ ಈ ನೆಲವನ್ನು ಮನುಷ್ಯ ಮುಟ್ಟದ ಪ್ರಕೃತಿ ಅಂತ ಬರೆಯುತ್ತಾರೆ. ಹಾಗೆ ಬರೆಯುವುದು ಆ ಜನರನ್ನು ಎರಡನೇ ಸಲ ಹೊರಗೆ ಹಾಕಿದಂತೆ. ಚಂದ ಇದೆ ಅನ್ನಿ, ಖಂಡಿತ ಚಂದವೇ. ಆದರೆ ಇಷ್ಟೊಂದು ಖಾಲಿ ಆಗಿದ್ದು ಹೇಗೆ ಅಂತಲೂ ಹೇಳಬೇಕು.

ದೋಣಿ ಕಟ್ಟೆಯ ಪಕ್ಕದಲ್ಲೇ ಒಂದು ಸಣ್ಣ ಹೋಟೆಲು. ಅಲ್ಲಿ ಬೇಳೆ ಸೂಪು, ಓಟ್ಸ್ ಬಿಸ್ಕತ್ತು ಸಿಕ್ಕಿತು. ಸಸ್ಯಾಹಾರಿಗಳಾದ ನಮಗೆ ಸ್ಕಾಟ್ಲೆಂಡಿನ ಬೇಳೆ ಸೂಪು ದೊಡ್ಡ ಆಧಾರ, ಒಂದು ಚಿಟಿಕೆ ಚಟ್ನಿಪುಡಿ ಹಾಕಿಕೊಂಡರೆ ಮುಗಿಯಿತು. ಪಕ್ಕದ ಮೇಜಿನಲ್ಲಿ ಮಲ್‌ನ ಹೆಂಗಸೊಬ್ಬರು ಕೂತಿದ್ದರು. ದ್ವೀಪದ ಕಥೆ ಅಲ್ಲಿಗೆ ಮುಗಿದಿಲ್ಲ ಅಂತ ಗೊತ್ತಾಗಿದ್ದು ಅವರಿಂದ. ಸ್ಕಾಟ್ಲೆಂಡಿನಲ್ಲಿ 2003ರ ಕಾನೂನಿನ ಪ್ರಕಾರ ಊರಿನ ಜನ ಒಟ್ಟಾಗಿ ಜಮೀನು ಕೊಳ್ಳುವ ಹಕ್ಕು ಕೇಳಬಹುದು. ಅದನ್ನೇ ಹಿಡಿದು ಇಲ್ಲಿನ ಜನ 2018ರಲ್ಲಿ, ಸರ್ಕಾರದ ಭೂನಿಧಿಯ ಸಹಾಯದಿಂದ, ಇಡೀ ಉಲ್ವಾ ಕೊಂಡರು. ಆಗ ದ್ವೀಪದಲ್ಲಿ ಉಳಿದಿದ್ದವರು ಬೆರಳೆಣಿಕೆಯಷ್ಟು ಜನ. ಈಗ ಹಾಳಾಗಿದ್ದ ಮನೆಗಳನ್ನು ರಿಪೇರಿ ಮಾಡಿ ಹೊಸ ಕುಟುಂಬಗಳಿಗೆ ಬಾಡಿಗೆಗೆ ಕೊಡುತ್ತಿದ್ದಾರೆ. ಮಕ್ಕಳಿರುವವರು ಬಂದಿದ್ದಾರೆ ಅಂತ ಹೇಳುವಾಗ ಅವರ ಮುಖ ಅರಳಿತು.

ನಾನು ಅಪ್ಪನ ಫಾರಂ ಕಥೆ ಹೇಳಿದೆ. ಅವರು ಚಮಚ ಕೆಳಗಿಟ್ಟು ಕೇಳಿದರು. ಒಡೆಯನಿಗೆ ಪರಿಹಾರ ಯಾರು ಕೊಟ್ಟರು, ಗೇಣಿದಾರರು ಎಷ್ಟು ಕಟ್ಟಬೇಕಿತ್ತು, ಕಂತು ಇತ್ತಾ, ಹೆಂಗಸರ ಹೆಸರಿಗೂ ಜಮೀನು ಬಂತಾ. ಒಂದಾದ ಮೇಲೊಂದು ಪ್ರಶ್ನೆ. ಕೆಲವಕ್ಕೆ ನನಗಿಂತ ನಮ್ಮ ಯಜಮಾನರೇ ಚೆನ್ನಾಗಿ ಉತ್ತರ ಹೇಳಿದರು, ಅವರು ರೆವಿನ್ಯೂ ಇಲಾಖೆಯಲ್ಲಿ ಇದ್ದವರು. ಆಮೇಲೆ ಅವರಿಬ್ಬರೂ ಪೇಪರ್ ನ್ಯಾಪ್ಕಿನ್ ಮೇಲೆ ಅಂಕಿ ಬರೆಯುತ್ತಾ ಕೂತರು. ದೋಣಿ ಹೊರಡುವ ಹೊತ್ತಾಯಿತು ಅಂತ ಗೈಡ್ ಬಂದು ಕರೆದರು. "ಇನ್ನೊಂದು ದೋಣಿಗೆ ಬರ್ತೀವಿ ಅಂತ ಹೇಳೇ," ಅಂದರು ಇವರು, ತಲೆ ಎತ್ತದೆ. ನಾನು ಹೇಳಿದೆ. ಗೈಡ್ ಒಪ್ಪಿದರು, ತಮಗೂ ಒಂದು ಟೀ ತರಿಸಿಕೊಂಡು ನಮ್ಮ ಜೊತೆಗೇ ಕೂತರು.