ಮನೆ ಪ್ಲಾನ್ ಬರೆಯೋಕೆ ಯಾವ ಸಾಫ್ಟ್‌ವೇರ್ ಒಳ್ಳೇದು? ಎಲ್ಲರಿಗೂ ಸೇರಿಸಿ ಒಂದೇ ಉತ್ತರ

ಗ್ರಾಫ್ ಹಾಳೆ, ಪೆನ್ಸಿಲ್, ರಬ್ಬರ್, ಒಂದು ಟೇಪು. ಉತ್ತರ ಇಷ್ಟೇ. ಇನ್ನು ಮುಂದೆ ಫೋನ್ ಮಾಡಿ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಇಷ್ಟಕ್ಕೆ ಯಾರೂ ಸುಮ್ಮನಾಗುವುದಿಲ್ಲ ಅನ್ನೋದೂ ಗೊತ್ತು. ನಾನು ಪ್ಲಾನ್ ಬರೆದು ಹೊಟ್ಟೆ ಹೊರೆಯುವವನು. ಹಾಗಾಗಿ ಮನೆ ಕಟ್ಟಿಸುವವರು, ಗೋಡೆ ಒಡೆಸುವವರು, ಇರುವ ಮನೆಗೆ ಹೊಸ ಸೋಫಾ ತರುವವರು, ಎಲ್ಲರೂ ನನ್ನನ್ನೇ ಹಿಡಿಯುತ್ತಾರೆ. ಕೇಳುವ ಧಾಟಿಯೂ ಒಂದೇ: "ಸುಮ್ನೆ ಒಂದು ಸಾಫ್ಟ್‌ವೇರ್ ಹೆಸರು ಹೇಳಿ ಸಾಕು. ಫ್ರೀ ಇರಬೇಕು. ಕಲಿಯೋದು ಏನೂ ಇರಬಾರದು. ತ್ರೀಡಿ ಬರಬೇಕು." ಹಲ್ಲು ಕೀಳಿಸಬೇಕು, ಆದರೆ ಬಾಯಿ ತೆಗೆಯಲ್ಲ ಅಂದ ಹಾಗೆ. ಪೆನ್ಸಿಲ್ ಅಂದರೆ ಮುಖ ಸಣ್ಣಗಾಗುತ್ತದೆ. ಗುಟ್ಟು ಬಿಟ್ಟುಕೊಡುತ್ತಿಲ್ಲ ಇವನು ಅಂದುಕೊಳ್ಳುತ್ತಾರೆ. "ನಿಮ್ಮ ಹೊಟ್ಟೆ ಮೇಲೆ ಹೊಡೆಯಲ್ಲ ಬಿಡಿ" ಎಂದು ನಕ್ಕವರೂ ಇದ್ದಾರೆ. ನನ್ನ ಹೊಟ್ಟೆಗೇನೂ ಆಗಲ್ಲ ಸ್ವಾಮಿ. ನೀವು ಬರೆದು ತಂದದ್ದನ್ನು ಸರಿ ಮಾಡೋಕೆ ನಾನು ಜಾಸ್ತಿ ದುಡ್ಡು ತಗೋತೀನಿ.

ದೊಡ್ಡಮ್ಮನ ಮಗಳು, ಅಂದರೆ ನಮ್ಮ ಅಕ್ಕ, ಒಂದು ಸಲ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. ಜೊತೆಗೆ ಭಾವ. ಎರಡಂತಸ್ತಿನ ಮನೆಯನ್ನು ಅವಳೇ ಕೂತು ತ್ರೀಡಿಯಲ್ಲಿ ಕಟ್ಟಿದ್ದಳು. ಹಾಲ್‌ನಲ್ಲಿ ಸೋಫಾ, ಸೋಫಾ ಪಕ್ಕ ಹೂಕುಂಡ, ಕಿಟಕಿಗೆ ತಿಳಿನೀಲಿ ಕರ್ಟನ್. ಬಿಸಿಲು ಬೀಳುವುದೂ ಕಾಣುತ್ತಿತ್ತು.

"ಅಕ್ಕ, ಈ ಪ್ಯಾಸೇಜ್ ಎಷ್ಟು ಅಗಲ?"

"ಅದೇ ತೋರಿಸುತ್ತೆ ನೋಡೋ."

2 ಅಡಿ 3 ಇಂಚು ತೋರಿಸಿತು. ಮಂಚ ಹೇಗೆ ಒಳಗೆ ಹೋಗುತ್ತದೆ ಎಂದು ಕೇಳಲಿಲ್ಲ. ಕಣ್ಣು ಮೆಟ್ಟಿಲಿನ ಮೇಲೆ ಬಿದ್ದಿತ್ತು.

"ಮೆಟ್ಟಿಲಿಗೆ 6 ಅಡಿಗೆ 6 ಅಡಿ ಜಾಗ ಹೇಗೆ ಸಾಕಾಯ್ತು?"

"ಅದು ರೆಡಿ ಇತ್ತು ಕಣೋ. ಎಳೆದು ತಂದು ಇಟ್ಟೆ. ಜಾಗ ಸಾಲಲಿಲ್ಲ, ಸ್ವಲ್ಪ ಚಿಕ್ಕದು ಮಾಡಿದೆ."

ಚಿಕ್ಕದು ಮಾಡಿದಳಂತೆ! ಲೆಕ್ಕ ನೋಡಿ. ಕೆಳಗಿನ ನೆಲದಿಂದ ಮೇಲಿನ ನೆಲಕ್ಕೆ 10 ಅಡಿ ಎತ್ತರ ಅಂದರೆ 120 ಇಂಚು. ಒಂದೊಂದು ಮೆಟ್ಟಿಲು ಆರೂಮುಕ್ಕಾಲು ಇಂಚಿನ ಹತ್ತಿರ ಎತ್ತರ ಇಟ್ಟರೆ 18 ಸಲ ಕಾಲೆತ್ತಬೇಕು. ನಡುವೆ ತಿರುಗಿಸಿದರೆ ಈ ಕಡೆ 9, ಆ ಕಡೆ 9. ಒಂದು ಕಡೆಗೆ ಕಾಲಿಡುವ ಹಲಗೆ 8. ಒಂದಕ್ಕೆ 10 ಇಂಚು ಹಿಡಿದರೂ 80 ಇಂಚು, ಅಂದರೆ 6 ಅಡಿ 8 ಇಂಚು. ತಿರುಗುವ ಜಾಗಕ್ಕೆ ಇನ್ನೊಂದು 3 ಅಡಿ. ಒಟ್ಟು 9 ಅಡಿ 8 ಇಂಚು ಉದ್ದ ಬೇಕು. ಅಕ್ಕ ಕೊಟ್ಟದ್ದು 6 ಅಡಿ. ತಿರುವು ಕಳೆದರೆ ಅವಳ ಮೆಟ್ಟಿಲಿನಲ್ಲಿ ಕಾಲಿಡಲು ಉಳಿದದ್ದು ತಲಾ 4½ ಇಂಚು. ಬೆರಳ ತುದಿಯಲ್ಲಿ ಹತ್ತಬಹುದು, ಇಳಿಯುವುದು ದೇವರಿಗೆ ಬಿಟ್ಟದ್ದು.

ನಾನು ಇದನ್ನೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಭಾವ ಮೆಲ್ಲಗೆ, "ಆದ್ರೆ ಕರ್ಟನ್ ಚೆನ್ನಾಗಿದೆ ಅಲ್ವಾ?" ಎಂದರು.

ಗ್ರಾಫ್ ಹಾಳೆಯಲ್ಲಿ ಈ ಆಟ ನಡೆಯಲ್ಲ. ಒಂದೊಂದು ಮೆಟ್ಟಿಲನ್ನೂ ನೀವೇ ಗೀಚಬೇಕು. ಎಂಟು ಗೀಚುವಷ್ಟರಲ್ಲಿ ಜಾಗ ಮುಗಿದರೆ ಕಣ್ಣಿಗೆ ಕಾಣುತ್ತದೆ. ಅದಕ್ಕೇ ನಾನು ಪೆನ್ಸಿಲ್ ಅನ್ನೋದು, ಹಳೇ ಕಾಲದ ಮೇಲಿನ ಪ್ರೀತಿಯಿಂದಲ್ಲ.

ಒಂದು ಚೌಕ ಒಂದು ಅಡಿ ಎಂದುಕೊಳ್ಳಿ, ಸಾಕು. ಮೀಟರ್‌ನಲ್ಲಿ ಲೆಕ್ಕ ಮಾಡುವವರು 1:50 ಇಟ್ಟುಕೊಳ್ಳಿ, 1 ಮೀಟರ್‌ಗೆ 2 ಸೆಂಟಿಮೀಟರ್. 1:50ರಲ್ಲಿ 30 ಅಡಿಗೆ 40 ಅಡಿಯ ಮನೆ ಒಂದು ಎ4 ಹಾಳೆಯಲ್ಲಿ ಕೂರುತ್ತದೆ. ಆಮೇಲೆ ಅದೇ ಅಳತೆಯಲ್ಲಿ ಮಂಚ, ಬೀರು, ಟೇಬಲ್ಲುಗಳನ್ನು ರಟ್ಟಿನಲ್ಲಿ ಕತ್ತರಿಸಿ. ಹಾಳೆ ಮೇಲೆ ಸರಿಸಾಡಿ. 10 ಅಡಿಗೆ 10 ಅಡಿ ರೂಮು ದೊಡ್ಡದು ಅನ್ನಿಸುತ್ತದೆ ಅಲ್ವಾ? 6½ ಅಡಿ ಉದ್ದದ ಮಂಚ ಇಡಿ. ಅದರ ಕಾಲ ಕಡೆಯ ಗೋಡೆಗೆ 2 ಅಡಿ ಆಳದ ಬೀರು ಇಡಿ. ನಡುವೆ ಉಳಿಯುವುದು ಒಂದೂವರೆ ಅಡಿ. ಬೀರುವಿನ ಬಾಗಿಲೂ ಒಂದೂವರೆ ಅಡಿ ಅಗಲ ಇದ್ದರೆ, ಅದನ್ನು ತೆಗೆದವರು ಮಂಚದ ಮೇಲೆ ನಿಂತು ಬಟ್ಟೆ ಹುಡುಕಬೇಕು. ಇದು ತಿಳಿಯಲು ಬೇಕಾದದ್ದು ಕತ್ತರಿ ಮತ್ತು ಹಳೇ ರಟ್ಟಿನ ಡಬ್ಬ.

ಸರಿ, ಸಾಫ್ಟ್‌ವೇರ್ ಹೆಸರು ಹೇಳದೆ ಬಿಡಲ್ಲ ನೀವು. ಸ್ವೀಟ್ ಹೋಮ್ ತ್ರೀಡಿ. ಫ್ರೀ, ವಿಂಡೋಸ್‌ನಲ್ಲೂ ಮ್ಯಾಕ್‌ನಲ್ಲೂ ಲಿನಕ್ಸ್‌ನಲ್ಲೂ ಓಡುತ್ತದೆ. ಮೇಲೆ ಪ್ಲಾನ್, ಕೆಳಗೆ ತ್ರೀಡಿ, ಎರಡೂ ಒಟ್ಟಿಗೆ ಕಾಣುತ್ತದೆ. ನೀವು ಕೈಯಲ್ಲಿ ಬರೆದ ಹಾಳೆಯ ಫೋಟೊವನ್ನು ಹಿಂದೆ ಹಾಕಿ, ಗೊತ್ತಿರುವ ಒಂದು ಅಳತೆ ಕೊಟ್ಟು, ಅದರ ಮೇಲೆಯೇ ಗೋಡೆ ಎಳೆಯಬಹುದು. ಕುಳಿತ ತಕ್ಷಣ ಗೋಡೆಯ ದಪ್ಪ ಬದಲಿಸಿ. ಅದರಲ್ಲಿ ಮೊದಲೇ ಇರುವ ದಪ್ಪ ನಿಮ್ಮ ಗೋಡೆಯದ್ದಲ್ಲ.

ತ್ರೀಡಿ ಬೇಡ, ಗೆರೆ ನಿಖರವಾಗಿ ಬೇಕು ಅನ್ನುವವರಿಗೆ ಲಿಬ್ರೆಕ್ಯಾಡ್ ಇದೆ, ಅದೂ ಫ್ರೀ. ಆಟೊಕ್ಯಾಡ್ 1982ರಿಂದ ಇದೆ, ನನ್ನ ಅನ್ನ ಅದರಲ್ಲೇ. ಆದರೆ ಒಂದು ಮನೆಗೋಸ್ಕರ ಅದನ್ನು ಕಲಿಯಲು ಹೊರಡಬೇಡಿ. ಸ್ಕೆಚ್‌ಅಪ್ ಆಕಾರ ನೋಡಲು ಚೆನ್ನ, ಪ್ಲಾನ್‌ಗೆ ಸುತ್ತುದಾರಿ. ಹೆಸರುಗಳು ಮುಗಿದವು.

ಈಗ ನನ್ನ ಸರದಿ. ಇಷ್ಟು ಜನ ಇಷ್ಟು ವರ್ಷ ಕೇಳಿದ್ದಾರಲ್ಲ, ಒಬ್ಬರಾದರೂ "ಅಳತೆ ಹೇಗೆ ತಗೊಳ್ಳೋದು?" ಎಂದು ಕೇಳಿದ್ದಾರಾ? ಇಲ್ಲ. ಟೇಪು ಹಿಡಿಯೋಕೆ ಎಲ್ಲರಿಗೂ ಬರುತ್ತದೆ ಎಂದು ಎಲ್ಲರೂ ನಂಬಿದ್ದಾರೆ.

ಸ್ಟೀಲ್ ಟೇಪಿನ ತುದಿಯ ಕೊಕ್ಕೆಯನ್ನು ಒಮ್ಮೆ ಅಲ್ಲಾಡಿಸಿ ನೋಡಿ. ಸ್ವಲ್ಪ ಹಿಂದೆ ಮುಂದೆ ಜಾರುತ್ತದೆ. ಟೇಪು ಲಡ್ಡು ಹಿಡಿದಿದೆ ಎಂದು ಇದನ್ನು ಸುತ್ತಿಗೆಯಲ್ಲಿ ಬಡಿದು ಬಿಗಿ ಮಾಡಿದ ಮಹಾನುಭಾವರನ್ನು ನೋಡಿದ್ದೇನೆ. ಅದು ಬೇಕೆಂದೇ ಸಡಿಲ ಇಟ್ಟದ್ದು. ಕೊಕ್ಕೆಯ ದಪ್ಪ ಎಷ್ಟೋ ಅಷ್ಟೇ ಜಾರುತ್ತದೆ. ಗೋಡೆಗೆ ಒತ್ತಿದಾಗ ಒಳಗೆ ಹೋಗುತ್ತದೆ, ಅಂಚಿಗೆ ಸಿಕ್ಕಿಸಿ ಎಳೆದಾಗ ಹೊರಗೆ ಬರುತ್ತದೆ. ಹಾಗಾಗಿ ಎರಡೂ ಸಲ ಅಳತೆ ಸರಿ ಬರುತ್ತದೆ.

ಒಂದು ಗೋಡೆಯಲ್ಲಿ ಬಾಗಿಲು, ಕಿಟಕಿ, ಮತ್ತೆ ಬಾಗಿಲು ಇದ್ದರೆ ತುಂಡು ತುಂಡಾಗಿ ಅಳೆಯಬೇಡಿ. ಪ್ರತಿ ತುಂಡಿಗೂ ಕಾಲಿಂಚು ಆಚೆ ಈಚೆ ಆಗುತ್ತದೆ, ಕೂಡಿಸುವಾಗ ಎಲ್ಲ ಸೇರಿಕೊಳ್ಳುತ್ತದೆ. ಟೇಪನ್ನು ಒಂದೇ ಮೂಲೆಯಲ್ಲಿ ಇಟ್ಟು ಗೋಡೆ ಉದ್ದಕ್ಕೂ ಬಿಡಿ. ಚೌಕಟ್ಟು ಶುರುವಾಗುವುದು ಎಲ್ಲಿ, ಮುಗಿಯುವುದು ಎಲ್ಲಿ, ಕಿಟಕಿ ಎಲ್ಲಿ ಎಂದು ಅಲ್ಲಲ್ಲೇ ಓದಿ ಬರೆದುಕೊಳ್ಳಿ. ಒಬ್ಬರು ಟೇಪು, ಇನ್ನೊಬ್ಬರು ಪೆನ್ಸಿಲ್.

ಆಮೇಲೆ ಮೂಲೆಯಿಂದ ಎದುರು ಮೂಲೆಗೆ ಅಳೆಯಿರಿ. ಎರಡೂ ಕಡೆಯಿಂದ. ಇದನ್ನು ಯಾರೂ ಮಾಡಲ್ಲ. 9 ಅಡಿಗೆ 12 ಅಡಿಯ ರೂಮು ಮೂಲೆಮಟ್ಟಕ್ಕಿದ್ದರೆ, ಅಂದರೆ ನಾಲ್ಕು ಮೂಲೆಯೂ 90 ಡಿಗ್ರಿ ಇದ್ದರೆ, ಎರಡೂ ಅಡ್ಡ ಅಳತೆ ಸರಿಯಾಗಿ 15 ಅಡಿ ಬರಬೇಕು. ಒಂದು 15 ಅಡಿ 2 ಇಂಚು, ಇನ್ನೊಂದು 14 ಅಡಿ 10 ಇಂಚು ಬಂತೋ, ರೂಮು ಓರೆ ಇದೆ. ಹಳೇ ಮನೆಗಳಲ್ಲಿ ಇದು ಸಾಮಾನ್ಯ, ಹೊಸವೂ ಅಂಥ ಸಾಚಾ ಅಲ್ಲ. ಸಾಫ್ಟ್‌ವೇರ್ ಮೋಸ ಮಾಡುವುದೂ ಇಲ್ಲೇ. ಸ್ವೀಟ್ ಹೋಮ್ ತ್ರೀಡಿಯಲ್ಲಿ ಮ್ಯಾಗ್ನೆಟಿಸಂ ಅಂತ ಒಂದಿದೆ, ನೀವು ಎಳೆದ ಗೋಡೆಯನ್ನು 15 ಡಿಗ್ರಿಯ ಲೆಕ್ಕಕ್ಕೆ (0, 15, 30, ಹೀಗೆ) ತಾನೇ ಎಳೆದುಕೊಳ್ಳುತ್ತದೆ. ಓರೆ ಗೋಡೆಯೂ ಪರದೆ ಮೇಲೆ ನೆಟ್ಟಗೆ ನಿಲ್ಲುತ್ತದೆ. ಕಾಣಲು ಚೆಂದ. ಬಡಗಿ ಗೋಡೆಯಿಂದ ಗೋಡೆಗೆ ಕಪಾಟು ಮಾಡಿ ತಂದ ದಿನ ಗೊತ್ತಾಗುತ್ತದೆ.

"ಫೋನ್ ಹಿಡಿದು ರೂಮು ಸುತ್ತಿದರೆ ಪ್ಲಾನ್ ಬರುತ್ತಂತಲ್ಲ?" ಬರುತ್ತದೆ. 2020ರ ಐಫೋನ್ 12 ಪ್ರೋದಿಂದ ಪ್ರೋ ಫೋನುಗಳಲ್ಲಿ ಲೈಡಾರ್ ಇದೆ, ಅಂದರೆ ಬೆಳಕು ಬಿಟ್ಟು ದೂರ ಅಳೆಯುವ ಸೆನ್ಸರ್, ಕೆಲಸ ಬೇಗ ಆಗುತ್ತದೆ. ಆದರೆ ಅದಕ್ಕೆ ಕಾಣುವುದು ಗೋಡೆಯ ಮುಖ ಮಾತ್ರ, ದಪ್ಪ ಅಲ್ಲ. ದೊಡ್ಡ ಕನ್ನಡಿ ಇದ್ದರೆ ಅದಕ್ಕೂ ಗಲಿಬಿಲಿ. ಗೋಡೆಯ ದಪ್ಪವನ್ನು ಬಾಗಿಲು ಇರುವ ಕಡೆ ನಿಂತು ಟೇಪಿನಲ್ಲೇ ಅಳೆಯಬೇಕು, ಗಾರೆಯನ್ನೂ ಸೇರಿಸಿ.

ಪ್ರಿಂಟ್ ತೆಗೆಯುವಾಗ "ಹಾಳೆಗೆ ಹೊಂದಿಸು" ಅನ್ನೋದನ್ನು ತೆಗೆದುಬಿಡಿ. ಅದು ಚಿತ್ರವನ್ನು ಸದ್ದಿಲ್ಲದೆ ಕುಗ್ಗಿಸುತ್ತದೆ, 1:50 ಎಂದು ಬರೆದದ್ದು ಸುಳ್ಳಾಗುತ್ತದೆ. ಮೂಲೆಯಲ್ಲಿ 5 ಅಡಿಯ ಒಂದು ಗೆರೆ ಎಳೆದು "ಇದು 5 ಅಡಿ" ಎಂದು ಬರೆದಿಡಿ. ಹಾಳೆ ಕುಗ್ಗಿದರೆ ಗೆರೆಯೂ ಕುಗ್ಗುತ್ತದೆ, ಲೆಕ್ಕ ಉಳಿಯುತ್ತದೆ.

ಕೊನೆಗೆ, ದಯವಿಟ್ಟು 3.5 ಎಂದು ಬರೆದು ಕಳಿಸಬೇಡಿ. ಅದು ಮೂರೂವರೆ ಅಡಿಯೋ, 3 ಅಡಿ 5 ಇಂಚೋ? ಕೇಳಿದರೆ "ನೀವೇ ನೋಡಿ ಹೇಳಿ" ಅನ್ನುತ್ತೀರಿ. 3 ಅಡಿ 5 ಇಂಚು ಎಂದು ಪೂರ್ತಿ ಬರೆಯಿರಿ. ಇಲ್ಲದಿದ್ದರೆ ಬಾಗಿಲು ಒಂದು ಇಂಚು ದೊಡ್ಡದು ಬಂದಾಗ ನನಗೆ ಫೋನ್ ಮಾಡಬೇಡಿ, ಬಡಗಿಗೆ ಮಾಡಿ.